ಸಿಪ್‌ಸೋಂಗ್‌ಪನ್ನಾದಲ್ಲಿ ಬಿಸು

ಏಪ್ರಿಲ್ 10: ಗಡಿ ದಾಟಿ

ಲುವಾಂಗ್ ಪ್ರಬಾಂಗಿನಿಂದ ಉತ್ತರಕ್ಕೆ ಹೊರಟ ರೈಲು ಹೊರಗೆ ಓಡುವುದಕ್ಕಿಂತ ಸುರಂಗದೊಳಗೆ ಓಡುವುದೇ ಹೆಚ್ಚು. ನಡುವೆ ಒಂದು ಕಣಿವೆ, ಒಂದಿಷ್ಟು ಬಾಳೆತೋಟ, ಫೋಟೊ ತೆಗೆಯಲು ಫೋನ್ ಎತ್ತುವಷ್ಟರಲ್ಲಿ ಮತ್ತೆ ಕತ್ತಲೆ. ಬೋತೆನ್‌ನಲ್ಲಿ ಲಾವೋಸಿನ ಮುದ್ರೆ, ಆಚೆ ಮೋಹಾನ್‌ನಲ್ಲಿ ಚೀನಾದ ಮುದ್ರೆ. ಎರಡು ಕಡೆಯೂ ಗಂಟುಮೂಟೆ ಸಮೇತ ಇಳಿದು ಹತ್ತಬೇಕು. ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳಬೇಕು. ಕುನ್ಮಿಂಗ್‌ನಿಂದ ವಿಯೆಂಟಿಯಾನ್‌ವರೆಗಿನ 1,035 ಕಿ.ಮೀ. ಉದ್ದದ ಈ ಹಳಿ ಶುರುವಾದದ್ದು 2021ರ ಡಿಸೆಂಬರಿನಲ್ಲಿ.

ಬಿಸುವಿಗೆ ಊರಲ್ಲಿರುವುದಿಲ್ಲ ಎಂದಾಗ ಅಮ್ಮ ಮುಖ ಊದಿಸಿದ್ದರು. "ಅಲ್ಲೂ ಬಿಸುವೇ ಅಮ್ಮಾ" ಎಂದು ತಮ್ಮ ಸಮಾಧಾನ ಹೇಳಿದ್ದ. ಸುಳ್ಳೇನೂ ಹೇಳಿರಲಿಲ್ಲ. ಸೂರ್ಯ ಮೇಷ ರಾಶಿಗೆ ಬರುವ ಸಂಕ್ರಮಣವೇ ತುಳುನಾಡಿಗೆ ಬಿಸು. ಅದೇ ಸಂಕ್ರಮಣದ ಲೆಕ್ಕದಿಂದ ಹುಟ್ಟಿದ್ದು ಬರ್ಮಾ, ಥಾಯ್ಲೆಂಡ್, ಲಾವೋಸ್‌ಗಳ ಹೊಸ ವರ್ಷ. ಚೀನಾದ ದಕ್ಷಿಣ ತುದಿಯ ದಾಯ್ ಜನರದ್ದೂ ಅದೇ. ತಮ್ಮ ಸಿಂಗಾಪುರದ ಕೆಲಸದ ನಡುವೆ ಮ್ಯಾಂಡರಿನ್ ಕಲಿತವನಾದ್ದರಿಂದ ಮಾತಿನ ಹೊಣೆಯೆಲ್ಲ ಅವನದು. ನನ್ನದು ನೋಡುವುದು, ಬರೆದುಕೊಳ್ಳುವುದು.

ಇಳಿದದ್ದು ಜಿಂಗ್‌ಹೊಂಗ್‌ನಲ್ಲಿ. ಇದು ಯುನ್ನಾನ್ ಪ್ರಾಂತದ ಶಿಶುವಾಂಗ್‌ಬಾನ್ನಾ ದಾಯ್ ಸ್ವಾಯತ್ತ ಜಿಲ್ಲೆಯ ಮುಖ್ಯ ಊರು. ಚೀನೀಯರ ನಾಲಗೆಯಲ್ಲಿ ಶಿಶುವಾಂಗ್‌ಬಾನ್ನಾ ಆದದ್ದು ದಾಯ್ ಜನರ ಬಾಯಲ್ಲಿ ಸಿಪ್‌ಸೋಂಗ್‌ಪನ್ನಾ, ಅಂದರೆ ಹನ್ನೆರಡು ಪನ್ನಾಗಳ ನಾಡು. ಪನ್ನಾ ಎಂದರೆ ಸಾವಿರ ಗದ್ದೆ. ಗದ್ದೆ ಎಣಿಸಿ ನಾಡಿಗೆ ಹೆಸರಿಟ್ಟ ಜನ ಎಂದು ಗೊತ್ತಾದಾಗಲೇ ನನಗೆ ಇವರ ಮೇಲೆ ಪ್ರೀತಿ ಹುಟ್ಟಿತ್ತು.

ರಾತ್ರಿ ಗಾವೊಝುವಾಂಗ್‌ನ ಸಂತೆಗೆ ಹೋದೆವು. ನದಿ ದಂಡೆಯಲ್ಲಿ ಹೊಸದಾಗಿ ಕಟ್ಟಿದ ಬಡಾವಣೆ, ನಡುವೆ ದೀಪ ಹಚ್ಚಿದ ದೊಡ್ಡ ಚಿನ್ನದ ಬಣ್ಣದ ಪಗೋಡ. ಉತ್ತರದ ದೊಡ್ಡ ಪಟ್ಟಣಗಳಿಂದ ಬಂದ ಹುಡುಗಿಯರು ದಾಯ್ ಲುಂಗಿ, ಬಿಗಿ ರವಿಕೆ, ಜುಟ್ಟಿಗೆ ಹೂವು ಎಲ್ಲವನ್ನೂ ಬಾಡಿಗೆಗೆ ಪಡೆದು ಛಾಯಾಗ್ರಾಹಕನನ್ನೂ ಕಟ್ಟಿಕೊಂಡು ಸುತ್ತುತ್ತಾರೆ. ಸಂತೆ ತುಂಬ ದಾಯ್ ಉಡುಪು. ಅದರೊಳಗೆ ದಾಯ್ ಹೆಂಗಸರು ಎಷ್ಟು ಎಂದು ಹುಡುಕಬೇಕು. ಜಿಲ್ಲೆಯ ಜನಸಂಖ್ಯೆಯಲ್ಲೇ ದಾಯ್ ಜನ ಮೂರರಲ್ಲೊಂದು ಪಾಲೂ ಇಲ್ಲ.

ಏಪ್ರಿಲ್ 11: ಎರಡು ದೊಡ್ಡವರ ನಡುವಿನ ಅರಸರು

ಬೆಳಿಗ್ಗೆ ಮಾನ್‌ಟಿಂಗ್ ಪಾರ್ಕ್. ಹಿಂದೆ ಅರಸರ ವಿಹಾರದ ತೋಟವಾಗಿದ್ದ ಜಾಗ. ಒಳಗೆ ಚೌ ಎನ್‌ಲಾಯ್ ಅವರ ಪ್ರತಿಮೆ ಇದೆ. ದಾಯ್ ಉಡುಪು, ಕೈಯಲ್ಲಿ ನೀರಿನ ಬಟ್ಟಲು. 1961ರ ಏಪ್ರಿಲಿನಲ್ಲಿ ಚೀನಾದ ಪ್ರಧಾನಿಯಾಗಿದ್ದ ಅವರು ಬರ್ಮಾದ ಪ್ರಧಾನಿ ಊ ನು ಅವರನ್ನು ಇಲ್ಲಿಗೆ ಕರೆಸಿಕೊಂಡು, ಜನರ ನಡುವೆ ನಿಂತು ನೀರೆರಚಿದ್ದರು. ಗಡಿಯ ಎರಡೂ ಕಡೆ ಒಂದೇ ಹಬ್ಬ ಮಾಡುವ ಜನ ಇದ್ದಾರೆ ಎಂಬುದನ್ನು ರಾಜತಾಂತ್ರಿಕರು ಬಹಳ ಚೆನ್ನಾಗಿ ಬಳಸಿಕೊಂಡರು ಅನ್ನಬೇಕು.

ಈ ನಾಡಿನ ಅರಸರಿಗೆ ರಾಜತಂತ್ರ ಹೊಸದೇನಲ್ಲ. 1180ರಲ್ಲಿ ಫಯಾ ಜೆನ್ ಎಂಬವನು ಇಲ್ಲಿ ರಾಜ್ಯ ಕಟ್ಟಿದ ಎಂದು ಇವರ ವಂಶಾವಳಿ ಹೇಳುತ್ತದೆ. ಅರಸನಿಗೆ ಚಾವೊ ಫೆಂದಿನ್ ಎಂಬ ಬಿರುದು, ಮಣ್ಣಿನ ಒಡೆಯ ಎಂದರ್ಥ. ಮಂಗೋಲರ ಯುವಾನ್ ದೊರೆಗಳ ಕಾಲದಿಂದ ಚೀನಾದ ಚಕ್ರವರ್ತಿಯ ಮುದ್ರೆ ಪಡೆದು ಆಳಿದರು. ಹದಿನಾರನೆಯ ಶತಮಾನದಲ್ಲಿ ಬರ್ಮಾ ಬಲವಾದಾಗ ಅತ್ತಲೂ ಕಪ್ಪ ಒಪ್ಪಿಸತೊಡಗಿದರು, ಬರ್ಮಾದ ರಾಜಕುಮಾರಿಯನ್ನು ಮದುವೆ ಮಾಡಿ ತಂದರು. 1570ರ ಸುಮಾರಿಗೆ ನಾಡನ್ನು ಹನ್ನೆರಡು ಪನ್ನಾಗಳಾಗಿ ಹಂಚಿದ್ದು ಆ ಕಪ್ಪದ ಹೊರೆಯನ್ನು ಪಾಲು ಮಾಡಲಿಕ್ಕೇ. ಚೀನಾ ತಂದೆ, ಬರ್ಮಾ ತಾಯಿ ಎಂಬ ಮಾತು ಆಗಿನದು. ಇಬ್ಬರು ದೊಡ್ಡವರ ನಡುವೆ ಸಿಕ್ಕಿಕೊಂಡ ಸಣ್ಣ ಅರಸನ ಜಾಣತನ ಆ ಮಾತಿನಲ್ಲಿದೆ, ಪಾಡೂ ಇದೆ.

ಜಾಣತನ ಎಲ್ಲ ಸಲವೂ ಫಲಿಸಲಿಲ್ಲ. 1729ರಲ್ಲಿ ಚೀನಾದ ಚಿಂಗ್ ವಂಶದ ದೊರೆಗಳು ಮೆಕಾಂಗ್ ನದಿಯ ಪೂರ್ವದ ಪನ್ನಾಗಳನ್ನು ನೇರ ಆಡಳಿತಕ್ಕೆ ತೆಗೆದುಕೊಂಡರು. 1895ರಲ್ಲಿ ಫ್ರೆಂಚರ ಜೊತೆ ಆದ ಒಪ್ಪಂದದಲ್ಲಿ ಇನ್ನೊಂದು ತುಂಡು ಅವರ ಕೈಯಲ್ಲಿದ್ದ ಲಾವೋಸಿಗೆ ಹೋಯಿತು. ಕೊನೆಯ ಅರಸ ದಾವೊ ಶಿಶುನ್ ಹುಟ್ಟಿದ್ದು 1928ರಲ್ಲಿ. ಪಟ್ಟವೇರಿದಾಗ ಇನ್ನೂ ಹುಡುಗ. 1953ರಲ್ಲಿ ಸ್ವಾಯತ್ತ ಪ್ರದೇಶ ರೂಪುಗೊಂಡಿತು, ಅರಸೊತ್ತಿಗೆ ಮುಗಿಯಿತು. ಆಮೇಲೆ ಅವರು ಕುನ್ಮಿಂಗ್‌ನಲ್ಲಿ ತಮ್ಮ ಭಾಷೆಯ ವಿದ್ವಾಂಸರಾಗಿ ಬಾಳಿ, 2017ರಲ್ಲಿ ತೀರಿಕೊಂಡರು. ಸಿಂಹಾಸನ ಕಳೆದುಕೊಂಡ ಅರಸ ಭಾಷಾಶಾಸ್ತ್ರ ಹಿಡಿದ ಕಥೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಪಾರ್ಕಿಗೆ ತಾಗಿಕೊಂಡೇ ಮುಖ್ಯ ಬೌದ್ಧ ದೇವಾಲಯ ವಾಟ್ ಪಾಜೆ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಈ ನಾಡಿನ ದೇವಾಲಯಗಳು ಮುಚ್ಚಿದವು, ಕೆಲವು ಭತ್ತದ ಕಣಜಗಳಾದವು. ಭಿಕ್ಷುಗಳು ಕಾಷಾಯ ಕಳಚಿದರು, ಇಲ್ಲವೇ ಗಡಿ ದಾಟಿದರು. 1980ರ ದಶಕದಲ್ಲಿ ಮತ್ತೆ ಬಾಗಿಲು ತೆರೆದಾಗ ಕಲಿಸಲು ಹಿರಿಯ ಭಿಕ್ಷುಗಳು ಸಾಲದೆ ಬರ್ಮಾ, ಥಾಯ್ಲೆಂಡ್ ಕಡೆಯ ತಮ್ಮ ಸೋದರ ಭಾಷಿಕರ ನೆರವು ಪಡೆಯಬೇಕಾಯಿತು. ಅಂಗಳದಲ್ಲಿ ಹತ್ತು ಹನ್ನೆರಡರ ಹುಡುಗರು ಕಾಷಾಯವನ್ನು ಸೊಂಟಕ್ಕೆ ಕಟ್ಟಿಕೊಂಡು ಚೆಂಡು ಒದೆಯುತ್ತಿದ್ದರು. ದಾಯ್ ಗಂಡು ಮಕ್ಕಳು ಕೆಲವು ಕಾಲವಾದರೂ ದೇವಾಲಯದಲ್ಲಿದ್ದು ಓದುಬರಹ ಕಲಿಯುವುದು ಹಳೆಯ ರೂಢಿ. ಹೀಗೆ ಇದ್ದು ಬರದವನಿಗೆ ಹೆಣ್ಣು ಕೊಡಲು ಹಿಂದೆಲ್ಲ ಹಿಂಜರಿಯುತ್ತಿದ್ದರಂತೆ.

ಏಪ್ರಿಲ್ 12: ತೋಡಿನ ಕಥೆ

ಮೆಕಾಂಗ್ ನದಿಗೆ ಇಲ್ಲಿ ಲಾನ್‌ಚಾಂಗ್ ಎಂದು ಹೆಸರು. ಅದರ ಜೊತೆಯಲ್ಲೇ ಕೆಳಕ್ಕೆ ಹೋದರೆ ಮೆಂಗ್‌ಹಾನ್ ಬಯಲು. ಐದು ಹಳ್ಳಿಗಳನ್ನು ಸೇರಿಸಿ ಗೇಟು ಹಾಕಿ ಟಿಕೆಟ್ ಇಟ್ಟ 'ದಾಯ್ ಉದ್ಯಾನ' ಇರುವುದು ಇಲ್ಲೇ. ಜನ ಒಳಗೆ ಸಂಸಾರ ಮಾಡಿಕೊಂಡಿದ್ದಾರೆ. ನಾವು ಟಿಕೆಟ್ ಕೊಂಡು ಅವರ ಬೀದಿಯಲ್ಲಿ ನಡೆಯುತ್ತೇವೆ. ಮಧ್ಯಾಹ್ನ ಕೊಳದ ಸುತ್ತ ಡೋಲು ಬಡಿದು ನೀರೆರಚುವ ಪ್ರದರ್ಶನ. ಹೊಸ ವರ್ಷ ಇಲ್ಲಿ ವರ್ಷದ ಎಲ್ಲ ದಿನವೂ ಬರುತ್ತದೆ. ಮೊದಲಿಗೆ ನನಗೆ ಇರಿಸುಮುರಿಸಾಯಿತು. ಆದರೆ ಕುಣಿದು ಮುಗಿಸಿದ ಹುಡುಗಿ ಒದ್ದೆ ಬಟ್ಟೆ ಬದಲಿಸಿ ಸ್ಕೂಟರ್ ಹತ್ತಿ ಅದೇ ಬೀದಿಯ ತನ್ನ ಮನೆಗೆ ಹೋಗುವುದನ್ನು ಕಂಡ ಮೇಲೆ, ಪೇಟೆಗೆ ಗುಳೆ ಹೋಗದೆ ಊರಲ್ಲೇ ಸಿಕ್ಕ ಕೆಲಸಕ್ಕೆ ಮೂಗು ಮುರಿಯಲು ನಾನ್ಯಾರು ಅನ್ನಿಸಿತು.

ಉಳಿದದ್ದು ಅದೇ ಬೀದಿಯ ಒಂದು ಮನೆಯಲ್ಲಿ. ದಾಯ್ ಮನೆ ಕಂಬಗಳ ಮೇಲೆ ನಿಲ್ಲುತ್ತದೆ. ಕೆಳಗೆ ಹಿಂದೆ ಎಮ್ಮೆ, ನೇಗಿಲು, ಮಗ್ಗ. ಈಗ ಕಾರು, ಸ್ಕೂಟರ್, ಊಟದ ಮೇಜು. ಮೇಲೆ ಮನೆ. ಬಿದಿರು ಹೋಗಿ ಮರ ಬಂತು, ಮರ ಹೋಗಿ ಕಾಂಕ್ರೀಟ್ ಬಂತು, ಕಡಿದಾದ ಹೆಂಚಿನ ಮಾಡು ಮಾತ್ರ ಹಾಗೆಯೇ ಇದೆ. ಚಪ್ಪಲಿ ಕೆಳಗೇ ಬಿಡಬೇಕು. ಮನೆಯವರ ಮಲಗುವ ಕೋಣೆಯತ್ತ ಇಣುಕುವಂತಿಲ್ಲ. ಇಣುಕಿದ ಗಂಡಸು ಅಳಿಯನಾಗಿ ಮೂರು ವರ್ಷ ದುಡಿಯಬೇಕು ಎಂದು ಮನೆಯೊಡತಿ ತಮ್ಮನನ್ನು ಹೆದರಿಸಿದರು. ತಮಾಷೆಯ ಹಿಂದೆ ನಿಜವಿದೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿಯ ಮನೆಯಲ್ಲಿದ್ದು ದುಡಿಯುವ ಪದ್ಧತಿ ಇವರಲ್ಲಿ ಹಳೆಯದು. "ಅಕ್ಕಾ, ಊಟ ಹೀಗೇ ಇರುವುದಾದರೆ ಇಣುಕಿಬಿಡಲಾ?" ಎಂದ ತಮ್ಮ.

ಊಟ ಹಾಗೇ ಇತ್ತು. ಮಜ್ಜಿಗೆಹುಲ್ಲಿನಲ್ಲಿ ಕಟ್ಟಿ ಕೆಂಡದ ಮೇಲೆ ಸುಟ್ಟ ಮೀನು, ಬಿದಿರಿನ ಅಂಡೆಯಲ್ಲಿ ಬೇಯಿಸಿದ ಅಂಟಕ್ಕಿಯ ಅನ್ನ, ನದಿಯ ಕಲ್ಲಿನ ಪಾಚಿಯನ್ನು ಒಣಗಿಸಿ ಕರಿದ ಹಾಳೆಗಳು, ನಾನ್‌ಮಿ ಎಂಬ ಖಾರದ ಚಟ್ನಿ, ಅದ್ದಿಕೊಳ್ಳಲು ಹಸಿ ಸೊಪ್ಪು, ಎಳೆ ಬಿದಿರು. ಸಂಜೆ ಹೆಂಗಸರು ಕೂತು ಹಬ್ಬಕ್ಕೆ ಖಾವೊ ನುವೊ ಸುವೊ ಮಾಡಿದರು. ಅಂಟಕ್ಕಿ ಹಿಟ್ಟಿಗೆ ಕರಿಬೆಲ್ಲ, ಶೇಂಗಾ, ಒಂದು ಬಗೆಯ ಕಾಡುಹೂವಿನ ಪುಡಿ ಕಲಸಿ ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿಡುವುದು. ನಾಗರಪಂಚಮಿಗೆ ಅರಸಿನ ಎಲೆಯ ಗಟ್ಟಿ ಮಡಿಸಿ ಅಭ್ಯಾಸವಿದ್ದ ನನ್ನ ಕೈ ತಾನಾಗಿ ಸಾಲಿಗೆ ಸೇರಿತು. ಅಜ್ಜಿ ನನ್ನ ಮಡಿಕೆ ತಿರುಗಿಸಿ ನೋಡಿ, ಏನೂ ಹೇಳದೆ ರಾಶಿಗೆ ಸೇರಿಸಿದರು. ಪಾಸು!

ಮನೆಯ ಹಿಂದೆ ತೋಡೊಂದು ಹರಿಯುತ್ತದೆ. ನಾನು ಇಷ್ಟು ದೂರ ಬಂದದ್ದು ನಿಜ ಹೇಳಬೇಕೆಂದರೆ ಈ ತೋಡಿಗಾಗಿ. ಸಿಪ್‌ಸೋಂಗ್‌ಪನ್ನಾದ ನೀರಾವರಿ ವ್ಯವಸ್ಥೆಯ ಬಗ್ಗೆ ಓದಿದಂದಿನಿಂದ ಇದು ತಲೆಯಲ್ಲಿ ಕೊರೆಯುತ್ತಿತ್ತು. ಅರಸರ ಕಾಲದಲ್ಲಿ ಪ್ರತಿ ದೊಡ್ಡ ಕಾಲುವೆಗೂ ನೀರಿನ ಅಧಿಕಾರಿಗಳಿದ್ದರು, ಕೆಳಗೆ ಹಳ್ಳಿಗೊಬ್ಬ ನೀರುಗಂಟಿ. ನಾಟಿಗೆ ಮುಂಚೆ ಎಲ್ಲ ಹಳ್ಳಿಯವರೂ ಬಂದು ತಮ್ಮ ಪಾಲಿನ ಕಾಲುವೆ ಹೂಳೆತ್ತಬೇಕು. ಮುಗಿದ ಮೇಲೆ ಪರೀಕ್ಷೆ. ಕಾಲುವೆಯ ತಲೆಯಿಂದ ಬಿದಿರಿನ ತೆಪ್ಪವೊಂದನ್ನು ತೇಲಿಬಿಟ್ಟು, ಗಂಟೆ ಬಾರಿಸುತ್ತಾ ಅದರ ಜೊತೆಗೆ ದಂಡೆಯಲ್ಲಿ ನಡೆಯುತ್ತಿದ್ದರು. ತೆಪ್ಪ ಎಲ್ಲಿ ತಡೆದು ನಿಂತಿತೋ ಆ ಭಾಗದ ಹಳ್ಳಿಯವರು ಮತ್ತೆ ಹಾರೆ ಹಿಡಿಯಬೇಕು, ದಂಡವನ್ನೂ ತೆರಬೇಕು. ಇನ್ನು ಹಂಚಿಕೆ: ಗದ್ದೆಯ ಅಳತೆಗೆ ತಕ್ಕ ತೂತು ಕೊರೆದ ಬಿದಿರಿನ ಕೊಳವೆಯನ್ನು ಬದುವಿನಲ್ಲಿ ಹೂತು, ಅದರ ಮೂಲಕವೇ ನೀರು ಇಳಿಯಬೇಕು. ಕಾಲುವೆ ದುರಸ್ತಿಯ ಬಗ್ಗೆ 1778ರಲ್ಲಿ ಅರಸನ ಸಭೆ ಹೊರಡಿಸಿದ ದಾಯ್ ಭಾಷೆಯ ಆಜ್ಞೆ ಈಗಲೂ ಉಳಿದಿದೆ. ಮೇಲಿನ ಗದ್ದೆಯವನು ಕೆಳಗಿನವನ ನೀರು ಕದಿಯುವುದು, ರಾತ್ರಿ ಬದು ಒಡೆಯುವುದು, ಅದರಿಂದ ಮೂರು ತಲೆಮಾರು ಮಾತು ಬಿಡುವುದು ಇವೆಲ್ಲ ಕಂಡ ಊರಿನವಳು ನಾನು. ಗಂಟೆ ಬಾರಿಸುವ ಆ ತೆಪ್ಪದ ಮುಂದೆ ನಮ್ಮ ಪಂಚಾಯಿತಿ ಎಂಜಿನಿಯರರು ಕೈಕಟ್ಟಿ ನಿಲ್ಲಬೇಕು.

ಮನೆಯ ಯಜಮಾನರಿಗೆ ಸುಮಾರು ಎಪ್ಪತ್ತರ ವಯಸ್ಸು. ಬಿದಿರಿನ ಕೊಳವೆ ನೋಡಿದ ನೆನಪಿದೆಯೇ ಎಂದು ತಮ್ಮನ ಕೈಯಲ್ಲಿ ಕೇಳಿಸಿದೆ. ತಂದೆ ಹೇಳುತ್ತಿದ್ದರು ಎಂದರು. ಈಗ ಗದ್ದೆಯಲ್ಲಿ ಏನು ಎಂದರೆ, ಬಾಳೆ, ಗುತ್ತಿಗೆಗೆ ಕೊಟ್ಟಿದ್ದೇವೆ.

ಏಪ್ರಿಲ್ 13: ದೋಣಿ

ಮತ್ತೆ ಜಿಂಗ್‌ಹೊಂಗ್. ಲಾನ್‌ಚಾಂಗ್ ಮೇಲೆ ಡ್ರ್ಯಾಗನ್ ದೋಣಿಗಳ ಪಂದ್ಯ. ಗಂಡಸರ ತಂಡ, ಹೆಂಗಸರ ತಂಡ, ದಂಡೆಯಲ್ಲಿ ಕಾಲಿಡಲು ಜಾಗವಿಲ್ಲ. ಉದ್ದನೆಯ ಬಿದಿರಿಗೆ ಮದ್ದು ತುಂಬಿ ಹಾರಿಸುವ ರಾಕೆಟ್ಟುಗಳನ್ನು ನೋಡುವುದೇ ನನಗೆ ಪಂದ್ಯಕ್ಕಿಂತ ಖುಷಿ ಕೊಟ್ಟಿತು. ಊರಿಂದ ಕೆಲವೇ ಕಿ.ಮೀ. ಮೇಲೆ ನದಿಗೆ ಅಣೆಕಟ್ಟು ಇದೆ, 2008ರಿಂದ ವಿದ್ಯುತ್ ಕೊಡುತ್ತಿರುವ 1,750 ಮೆಗಾವ್ಯಾಟ್ ಯೋಜನೆ. ಹಾಗಾಗಿ ದೋಣಿಗಳ ಕೆಳಗಿನ ನೀರು ಎಷ್ಟಿರಬೇಕು ಎಂಬುದು ಈಗ ಗೇಟಿನ ಲೆಕ್ಕ. ಬಿಸಿಲು ತಲೆ ಸೀಳುತ್ತಿತ್ತು, ಬೇಗ ಮರಳಿದೆವು.

ಏಪ್ರಿಲ್ 14: ಬಿಸು

ಊರಲ್ಲಾಗಿದ್ದರೆ ಫಲವಸ್ತು ಜೋಡಿಸಿಟ್ಟ ಕಣಿ ನೋಡಿ, ಹಿರಿಯರ ಕಾಲಿಗೆ ಬೀಳುವ ಹೊತ್ತು. ಮೆಂಗ್‌ಹಾನ್‌ನ ಮನೆಯವರು ಹಬ್ಬಕ್ಕೆ ಬನ್ನಿ ಎಂದಿದ್ದರಿಂದ ಬೆಳಿಗ್ಗೆಯೇ ಅಲ್ಲಿಗೆ ಹೋದೆವು. ಹಳ್ಳಿಯ ದೇವಾಲಯದ ಅಂಗಳದಲ್ಲಿ ನದಿಯ ಮರಳು ತಂದು ಪುಟ್ಟ ಪಗೋಡಗಳನ್ನು ಮಾಡಿ ಬಿದಿರು ಕಡ್ಡಿಗೆ ಬಣ್ಣದ ಕಾಗದದ ಬಾವುಟ ಕಟ್ಟಿ ಸಿಕ್ಕಿಸಿದ್ದರು. ಮುದುಕಿಯರು ಬೆಳ್ಳಿ ಬಟ್ಟಲಲ್ಲಿ ಹೂವಿನ ಎಸಳು ಹಾಕಿದ ನೀರು ತಂದು ಬುದ್ಧನ ವಿಗ್ರಹಕ್ಕೆ ಎರೆದರು. ಆಮೇಲೆ ಸೊಪ್ಪಿನ ಟೊಂಗೆಯನ್ನು ಆ ನೀರಿಗೆ ಅದ್ದಿ ಒಬ್ಬರ ಹೆಗಲಿಗೆ ಇನ್ನೊಬ್ಬರು ಮೆಲ್ಲಗೆ ಚಿಮುಕಿಸಿದರು, ತುಟಿಯಲ್ಲೇ ಏನೋ ಹರಸುತ್ತಾ. ನನ್ನ ಹೆಗಲಿಗೂ ಬಿತ್ತು. ಬಾಯಲ್ಲಿ ವೀಳ್ಯ ತುಂಬಿಕೊಂಡಿದ್ದ ಅಜ್ಜಿಯೊಬ್ಬರು ನನ್ನ ಚೀಲದಲ್ಲಿದ್ದ ಸುಳ್ಯದ ಅಡಿಕೆಯ ಹೋಳನ್ನು ಮೂಸಿ ನೋಡಿ, ಕಡಿದು, ಗಟ್ಟಿ ಎಂದು ಕೈಸನ್ನೆ ಮಾಡಿದರು. ಅವರದ್ದು ಹಸಿ ಅಡಿಕೆ.

ಹಬ್ಬದ ಕಥೆ ಮಾತ್ರ ಮೆದುವಾದದ್ದಲ್ಲ. ಬೆಂಕಿಯ ರಾಕ್ಷಸನೊಬ್ಬ ಏಳು ಹುಡುಗಿಯರನ್ನು ಹೊತ್ತು ತಂದಿದ್ದ. ಅವನಿಗೆ ಯಾವ ಆಯುಧದಿಂದಲೂ ಸಾವಿಲ್ಲ. ಕಿರಿಯವಳು ಕುಡಿಸಿ ಹೊಗಳಿ ಬಾಯಿ ಬಿಡಿಸಿದಳು: ಅವನದೇ ಕೂದಲು ಅವನ ಕತ್ತು ಕೊಯ್ಯಬಲ್ಲದು. ಕೊಯ್ದಳು. ಉರುಳಿದ ತಲೆ ತಾಗಿದಲ್ಲೆಲ್ಲ ಉರಿ ಎದ್ದಿತು. ಅಕ್ಕತಂಗಿಯರು ಸರದಿಯಲ್ಲಿ ಆ ತಲೆಯನ್ನು ಎತ್ತಿ ಹಿಡಿದುಕೊಂಡರು. ಸರದಿ ಬದಲಾಗುವ ದಿನ, ಕೆಳಗಿಟ್ಟವಳ ಮೈಮೇಲಿನ ರಕ್ತ ತೊಳೆಯಲು ಜನ ನೀರು ಹೊಯ್ದರು. ಹೆಣ್ಣಿನ ಮೈಯ ರಕ್ತ ತೊಳೆದು ಗೌರವಿಸುವ ಹಬ್ಬ ಇದು. ಪ್ರವಾಸಿ ಪೋಸ್ಟರುಗಳಲ್ಲಿ ಈ ಭಾಗ ಇರುವುದಿಲ್ಲ.

ಮಧ್ಯಾಹ್ನ ಭಿಕ್ಷುವೊಬ್ಬರು ಕಪಾಟು ತೆರೆದು ಓಲೆಗರಿ ಗ್ರಂಥಗಳನ್ನು ತೋರಿಸಿದರು. ಗರಿ ಶ್ರೀತಾಳೆಯದು, ತುಳುನಾಡಿನಲ್ಲಿ ಈಗ ಹುಡುಕಿ ಎಣಿಸಿ ಉಳಿಸಬೇಕಾದ ಸ್ಥಿತಿಗೆ ಬಂದಿರುವ ಅದೇ ಮರ. ಬೇಯಿಸಿ ಒಣಗಿಸಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ, ಅಂದರೆ ಬರೆಯುವ ಮೊಳೆಯಿಂದ, ಗೀರಿ, ಮಸಿ ಸವರಿ ಒರೆಸುವುದು. ಎಲ್ಲ ಅದೇ ಕ್ರಮ. ಗ್ರಂಥದ ಭಾಷೆ ಪಾಳಿ ಮತ್ತು ದಾಯ್, ಲಿಪಿ ಧಾಮ್. ಬರ್ಮಾ ಕಡೆಯ ಮೋನ್ ಜನರ ಲಿಪಿಯ ಮೂಲಕ ದಕ್ಷಿಣ ಭಾರತದ ಬ್ರಾಹ್ಮಿಗೆ ಹೋಗಿ ಸೇರುವ ಲಿಪಿ ಅದು; ನಮ್ಮ ಕದಂಬ ಲಿಪಿಯ ದೂರದ ದಾಯಾದಿ. ಬೀದಿಯ ಬೋರ್ಡುಗಳಲ್ಲಿರುವುದು 1950ರ ದಶಕದಲ್ಲಿ ಸರಳಗೊಳಿಸಿದ ಹೊಸ ಲಿಪಿ. ಶಾಲೆಯಲ್ಲಿ ಅದನ್ನು ಕಲಿತವರಿಗೆ ಅಜ್ಜಂದಿರ ಗ್ರಂಥ ಓದಲು ಬರುವುದಿಲ್ಲ. ಮನೆಯೊಡತಿಯ ಮಗನಿಗೆ ಎರಡೂ ಬರುವುದಿಲ್ಲ, ಚೀನೀ ಮಾತ್ರ.

ಇಲ್ಲೂ ರಾಮಾಯಣ ಇದೆ. ಹೆಸರು ಲಂಕಾ ಸಿಪ್ ಹೋ, ಲಂಕೆಯ ಹತ್ತು ತಲೆಯವನು. ಕಥೆಗೆ ಹೆಸರು ರಾಮನದಲ್ಲ, ರಾವಣನದು! ರಾಕ್ಷಸರ ಬಣ್ಣದ ವೇಷಕ್ಕಾಗಿಯೇ ರಾತ್ರಿಯಿಡೀ ಕೂರುತ್ತಿದ್ದ ನಮ್ಮೂರಿನ ಯಕ್ಷಗಾನ ಪ್ರೇಕ್ಷಕರಿಗೆ ಈ ಹೆಸರು ಬಹಳ ಹಿಡಿಸೀತು. ಇಂಥ ಕಥೆಗಳನ್ನು ಹಾಡುವ ವೃತ್ತಿಗಾಯಕರಿಗೆ ಝಾಂಗ್‌ಖಾ ಎನ್ನುತ್ತಾರೆ. ಆ ಸಂಜೆ ಹಾಡಿದವರು ಒಬ್ಬ ಹೆಂಗಸು. ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದು, ಪಕ್ಕದಲ್ಲಿ ಬಿದಿರಿನ ಪೀಪಿಯ ಒಂದೇ ಎಳೆಯ ಮೇಲೆ ಪದಗಳನ್ನು ನೇಯುತ್ತಾ ಹೋದರು. ನಡುನಡುವೆ ಕೂತವರು "ಶುಯ್ ಶುಯ್" ಎಂದು ಕೂಗಿ ಹುರಿದುಂಬಿಸುತ್ತಿದ್ದರು.

ಏಪ್ರಿಲ್ 15: ಒದ್ದೆ

ಊರೆಲ್ಲ ಬಕೆಟ್, ಪಿಚಕಾರಿ, ಪೈಪು. ಪೊಲೀಸರೂ ಒದ್ದೆ. ಬರೆಯಲು ಪುಸ್ತಕ ತೆಗೆದರೆ ಅದೂ ಒದ್ದೆ.

ಏಪ್ರಿಲ್ 16: ರಬ್ಬರ್ ದಾರಿ

ದಕ್ಷಿಣಕ್ಕೆ, ಬರ್ಮಾ ಗಡಿಯತ್ತ, ದಾಮೆಂಗ್‌ಲೊಂಗ್‌ಗೆ ಬಸ್ಸು. ಗುಡ್ಡದ ಮೇಲೆ ಮಾನ್‌ಫೆಯ್‌ಲೊಂಗ್ ಪಗೋಡ ನಿಂತಿದೆ. 1204ರದು ಎನ್ನುತ್ತಾರೆ. ನಡುವೆ ಹದಿನಾರು ಮೀಟರಿನ ಬಿಳಿ ಶಿಖರ, ಸುತ್ತ ಎಂಟು ಚಿಕ್ಕವು. ಬಿದಿರಿನ ಕಳಲೆ ಮೇಲೆದ್ದಂತಿದೆ ಎಂದು ಚೀನೀಯರು ಅದಕ್ಕೆ ಕಳಲೆ ಪಗೋಡ ಎಂದೇ ಹೆಸರಿಟ್ಟಿದ್ದಾರೆ. ನಕ್ಷೆ ಹಾಕಿದ್ದು ಭಾರತದಿಂದ ಬಂದ ಭಿಕ್ಷುಗಳು ಎಂಬ ಮಾತೂ ಇದೆ. ಅದನ್ನು ಕೇಳಿ ಎದೆಯುಬ್ಬಿಸುವ ಮೊದಲು, ಎಂಟು ನೂರು ವರ್ಷ ಸುಣ್ಣ ಬಳಿದು ಕಾಪಾಡಿದವರು ಯಾರು ಎಂದೂ ನೆನೆಯಬೇಕು.

ಆದರೆ ಆ ದಿನ ಕಣ್ಣು ತುಂಬಿದ್ದು ದಾರಿ. ಬಸ್ಸಿನ ಎರಡೂ ಕಡೆ ಗುಡ್ಡದ ಮೇಲೆ ಗುಡ್ಡ, ಎಲ್ಲವೂ ರಬ್ಬರ್. ಸುಳ್ಯದವಳಾದ ನನಗೆ ಚಿಪ್ಪು ಕಟ್ಟಿದ ಆ ಸಾಲುಗಳನ್ನು ಯಾರೂ ಪರಿಚಯಿಸಬೇಕಿಲ್ಲ. 1950ರ ದಶಕದಲ್ಲಿ ಹೊರಗಿನಿಂದ ರಬ್ಬರ್ ಸಿಗದಂತಾದಾಗ ಚೀನಾ ಇಲ್ಲಿ ಸರ್ಕಾರಿ ತೋಟಗಳನ್ನು ಎಬ್ಬಿಸಿತು. ಹುನಾನ್‌ನಿಂದ ಕೆಲಸಗಾರರು ಬಂದರು, 1968ರ ನಂತರ ಶಾಂಘೈ, ಬೀಜಿಂಗ್ ಕಡೆಯ ಓದಿದ ಹುಡುಗ ಹುಡುಗಿಯರನ್ನು ಸಾವಿರಗಟ್ಟಲೆ ಕಳಿಸಿದರು. 1978ರಲ್ಲಿ ಅವರು ಊರಿಗೆ ಕಳಿಸಿ ಎಂದು ಇಲ್ಲೇ ಮುಷ್ಕರ ಹೂಡಿ ಗೆದ್ದರು. ಸುಳ್ಯ, ಪುತ್ತೂರಿನ ಅರಣ್ಯ ನಿಗಮದ ರಬ್ಬರ್ ತೋಟಗಳಿಗೂ 1964ರ ಭಾರತ–ಸಿಲೋನ್ ಒಪ್ಪಂದದ ಬಳಿಕ ಲಂಕೆಯಿಂದ ತಮಿಳರು ಬಂದರಲ್ಲ. ದೇಶ ದೇಶಗಳ ಲೆಕ್ಕಾಚಾರದಲ್ಲಿ ರಬ್ಬರ್ ಮರದ ಬುಡಕ್ಕೆ ಬಂದು ಬಿದ್ದವರ ಕಥೆ ಎರಡು ಕಡೆಯೂ ಇದೆ. ಅವರದು ಬೇರೆ, ಇವರದು ಬೇರೆ, ಹಾಲು ತೆಗೆಯುವ ಕತ್ತಿ ಒಂದೇ.

1980ರ ದಶಕದಿಂದ ದಾಯ್ ರೈತರೂ ತಾವೇ ನೆಟ್ಟರು. ಬೆಲೆ ಏರಿದ ವರ್ಷಗಳಲ್ಲಿ ಮನೆ, ಕಾರು ಎಲ್ಲ ಬಂತು. 2011ರ ಬಳಿಕ ಬೆಲೆ ಬಿತ್ತು. ಹಿಂದೆ ಪ್ರತಿ ಹಳ್ಳಿಯ ಮೇಲೆ ದೇವತೆಗಳು ನೆಲೆಸಿದ ಗುಡ್ಡವೊಂದು ಇರುತ್ತಿತ್ತು. ಬೌದ್ಧರಾಗುವ ಮುಂಚಿನ ನಂಬಿಕೆ ಇದು, ಬೌದ್ಧರಾದ ಮೇಲೂ ಬಿಡಲಿಲ್ಲ. ಅಲ್ಲಿ ಕೊಡಲಿ ಎತ್ತುವಂತಿಲ್ಲ. ಆ ಕಾಡು ಹಿಡಿದಿಟ್ಟ ನೀರೇ ತೋಡಾಗಿ ಗದ್ದೆಗೆ ಇಳಿಯುತ್ತಿತ್ತು. ಮೇಲೆ ದೇವರ ಕಾಡು, ಅದರ ಕೆಳಗೆ ಕಾಲುವೆ, ಕಾಲುವೆಗೆ ಕಾಯ್ದೆ, ಕೊನೆಗೆ ಗದ್ದೆ. ಸಿಪ್‌ಸೋಂಗ್‌ಪನ್ನಾ ನಿಂತಿದ್ದದ್ದು ಈ ಸರಪಳಿಯ ಮೇಲೆ. ಹಲವು ಕಡೆ ಮೇಲಿನ ಕೊಂಡಿಯೇ ಈಗ ರಬ್ಬರ್. ಬಸ್ಸಿನಲ್ಲಿ ಪಕ್ಕ ಕೂತ ರೈತನೊಬ್ಬ ಹೇಳಿದ, ನೆಟ್ಟ ಮೇಲೆ ತನ್ನ ಊರಿನ ಎರಡು ತೊರೆ ಬೇಸಿಗೆಯಲ್ಲಿ ಬತ್ತುತ್ತವೆ ಎಂದು. ಕಡಿಯುತ್ತೀರಾ ಎಂದರೆ ನಕ್ಕ. "ಮಗಳ ಕಾಲೇಜಿನ ಫೀಸು ಆ ಮರದಲ್ಲಿದೆ."

ಏಪ್ರಿಲ್ 17: ಕಾಗದ

ಪಶ್ಚಿಮಕ್ಕೆ ಮೆಂಗ್‌ಹಾಯ್, ಪುಅರ್ ಚಹಾದ ನಾಡು. ದಾಯ್ ಜನ ಕಣಿವೆಯವರು. ಚಹಾ ಬೆಳೆಯುವ ಬೆಟ್ಟಗಳಲ್ಲಿರುವವರು ಹೆಚ್ಚಾಗಿ ಬುಲಾಂಗ್ ಮತ್ತು ಹಾನಿ ಜನ. ಜಿಂಗ್‌ಝೆನ್‌ನಲ್ಲಿ 1701ರ ಅಷ್ಟಕೋನದ ಮಂಟಪ ನೋಡಿದೆವು. ಮಾಡಿನ ಮೇಲೆ ಮಾಡು ಏರಿಸಿ ಬುದ್ಧನ ಕಿರೀಟದ ಆಕಾರ ತರಲು ಹೊರಟ ಕಟ್ಟಡ, ಹತ್ತಿರದಿಂದ ಪುಟ್ಟದು, ಕೆಲಸ ಬಹಳ ನಯ. ಸುತ್ತಲಿನ ಹಳ್ಳಿಗಳ ಭಿಕ್ಷುಗಳು ಇಲ್ಲಿ ಸಭೆ ಸೇರುತ್ತಿದ್ದರು.

ಅಲ್ಲಿಂದ ಮೆಂಗ್‌ಹುನ್ ಬಳಿಯ ಮಾನ್‌ಝಾವೊ ಹಳ್ಳಿಗೆ. ಮನೆ ಮನೆಯ ಅಂಗಳದಲ್ಲೂ ಕಾಗದದ ಚೌಕಟ್ಟುಗಳನ್ನು ಬಿಸಿಲಿಗೆ ಒರಗಿಸಿದ್ದರು. ಕಾಡು ಹಿಪ್ಪುನೇರಳೆ ಜಾತಿಯ ಮರದ ತೊಗಟೆಯನ್ನು ನೆನೆಸಿ, ಬೂದಿ ಹಾಕಿ ಬೇಯಿಸಿ, ಜಜ್ಜಿ, ನೀರಿನಲ್ಲಿ ಕದಡಿ ಬಟ್ಟೆಯ ಚೌಕಟ್ಟಿಗೆ ಸಮನಾಗಿ ಹರಡುತ್ತಾರೆ. ತುಸು ಆರಿದ ಮೇಲೆ ಬಟ್ಟಲಿನ ಬೆನ್ನಿನಿಂದ ಉಜ್ಜಿ ನಯ ಮಾಡುತ್ತಾರೆ. ಕೆಲಸವೆಲ್ಲ ಹೆಂಗಸರದು. ಹಿಂದೆ ಈ ಕಾಗದ ಹೋಗುತ್ತಿದ್ದುದು ದೇವಾಲಯಕ್ಕೆ. ಸತ್ತವರ ಹೆಸರಲ್ಲಿ ಗ್ರಂಥ ಬರೆಸಿ ದಾನ ಕೊಡುವುದು ದಾಯ್ ಜನರಿಗೆ ದೊಡ್ಡ ಪುಣ್ಯದ ಕೆಲಸ. ಈಗ ಹೆಚ್ಚಿನ ಕಾಗದವನ್ನು ಕೊಳ್ಳುವವರು ಚಹಾ ವ್ಯಾಪಾರಿಗಳು, ಒತ್ತಿ ಮಾಡಿದ ಪುಅರ್ ಚಹಾದ ಬಿಲ್ಲೆಗಳನ್ನು ಸುತ್ತಲು. ಗ್ರಂಥಕ್ಕೆ ಕೇಳುವವರು ಬರುತ್ತಾರಾ ಎಂದು ತಮ್ಮ ವಿಚಾರಿಸಿದ. ಬರುತ್ತಾರೆ, ಅವರಿಗೆ ದಪ್ಪ ಕಾಗದ ಬೇಕು, ಬೇರೆಯೇ ಮಾಡಿಕೊಡುತ್ತೇವೆ ಎಂದರು ಕಾಗದ ಮಾಡುತ್ತಿದ್ದ ಒಬ್ಬ ಹೆಂಗಸು. ಚಹಾದ ಕಾಗದಕ್ಕಿಂತ ದರ ಹೆಚ್ಚೇ ಎಂದರೆ, ದಾನಕ್ಕೆ ಕೊಳ್ಳುವವರ ಹತ್ತಿರ ಜಾಸ್ತಿ ಕೇಳಲಾಗುತ್ತದೆಯೇ ಎಂದು ತಿರುಗಿ ಕೇಳಿ, ನಮಗೆ ಮಾತ್ರ ಪ್ರವಾಸಿಗರ ದರವನ್ನೇ ಹಾಕಿದರು.